ಸಾಯುವ ಹುಳವನ್ನು ಮುಂಚೆಯೇ ಹೇಳುವ ಕೆಂಚಮ್ಮ

ಬೆಳಗಿನ ಆರು ಗಂಟೆ. ರಾಮನಗರದ ಹೊರಗೆ, ಹೊಸ ಕಾರ್ಖಾನೆಗಳ ಸಾಲಿನ ನಡುವಿನ ಸಣ್ಣ ಪ್ರಯೋಗಾಲಯದಲ್ಲಿ ಕೆಂಚಮ್ಮ ರೇಷ್ಮೆಹುಳಗಳಿಗೆ ಸೊಪ್ಪು ಹಾಕುತ್ತಿದ್ದಾರೆ. ಜೊತೆಗೇ ಹುಳ ಮೇಯುವ ಸದ್ದಿನ ಅಣಕು: "ಚರಚರ, ಚರಚರ." ತಟ್ಟೆಯ ಹುಳಗಳು ತಾಳ ತಪ್ಪದೆ ದನಿಗೂಡಿಸುತ್ತವೆ. ಈ ಮೇಳಕ್ಕೆ ಟಿಕೆಟ್ಟಿಲ್ಲ, ಮೇವಿದ್ದರೆ ಸಾಕು.

ಬೈರಾಪಟ್ಟಣದ ಕೆಂಚಮ್ಮನವರಿಗೆ ಐವತ್ತೆರಡು ವರ್ಷ. ಮೂವತ್ತು ವರ್ಷ ಮನೆಯಲ್ಲಿ ಹುಳ ಸಾಕಿ, ಇದೇ ವರ್ಷ, ೨೦೦೫ರಲ್ಲಿ, ಇಲ್ಲಿಗೆ ಸೇರಿದರು. ಗಂಡ ಬೈರಪ್ಪ ಆಗಲೇ ಕೆಣಕಿದ್ದರು: "ಹುಳ ಸಾಯ್ಸಕ್ಕೂ ಸಂಬ್ಳ ಕೊಟ್ಟಾರೇನಮ್ಮಿ?"

ಇಲ್ಲಿನ ಸಂಶೋಧಕಿ ಫಿರೋಜಾ ಬೆನ್ನು ಹತ್ತಿರುವುದು ಹುಳ ಕೊಲ್ಲುವ ಒಂದು ಬ್ಯಾಕ್ಟೀರಿಯಾವನ್ನು. ಅದರ ಮೈಮೇಲಿನ ಪ್ರೋಟೀನಿಗೆ ಸಕ್ಕರೆಯ ಕಣಗಳು ಅಂಟಿಕೊಂಡಿವೆ. ಅವು ಅಂಟದಂತೆ ಮಾಡಿದರೆ ರೋಗ ತಗ್ಗೀತೇ? ಸಕ್ಕರೆ ಇರುವುದು, ಇಲ್ಲದ್ದು ಎಂದು ಎರಡು ಬಗೆಯ ಬ್ಯಾಕ್ಟೀರಿಯಾ ಮಾಡಿ, ಕೆಂಪು ಚೀಟಿಯ ತಟ್ಟೆಯ ನೂರು ಹುಳಕ್ಕೆ ಒಂದನ್ನು ಸೂಜಿಯಲ್ಲಿ ಕೊಟ್ಟರು, ಹಸಿರು ಚೀಟಿಯ ನೂರಕ್ಕೆ ಇನ್ನೊಂದು. ಯಾವುದು ಯಾವುದೆಂದು ಕೆಂಚಮ್ಮನಿಗೆ ಹೇಳಲಿಲ್ಲ. ಹೋಲಿಕೆಗೆಂದು ಇಟ್ಟ ಮೂರನೇ ತಟ್ಟೆಯ ನೂರಕ್ಕೆ ಸೂಜಿಯೇ ಇಲ್ಲ.

ಮೊದಲ ಸಲ ಎಡವಟ್ಟಾಯಿತು. ಹುಳದ ಮನೆಯ ರೂಢಿಯಂತೆ ಕೆಂಚಮ್ಮ ಬೆಳಿಗ್ಗೆಯೇ ಮಂಕಾದ ಹುಳಗಳನ್ನೆಲ್ಲ ಆರಿಸಿ ಸುಣ್ಣದ ಬೋಗುಣಿಗೆ ಹಾಕಿಬಿಟ್ಟರು. ಒಂಬತ್ತಕ್ಕೆ ಫಿರೋಜಾ ಬಂದರೆ ತಟ್ಟೆಯಲ್ಲಿ ಸತ್ತದ್ದು ಒಂದೂ ಇಲ್ಲ.

"ಸತ್ತವೆಲ್ಲಿ ಕೆಂಚಮ್ಮ?"

"ಸಾಯೋಕ್ ಮುಂಚೇನೇ ಎತ್ಬುಟ್ಟೆ ಕಣವ್ವ. ಮಿಕ್ಕವಕ್ಕೆ ರೋಗ ಅಂಟ್‌ಬಾರ್ದಲ್ಲ!"

"ಸಾಯ್ತವೋ ಇಲ್ವೋ ಅಂತ ನೋಡೋದೇ ನನ್ನ ಕೆಲ್ಸ!"

ಮೂರು ತಿಂಗಳ ದುಡಿಮೆ ಸುಣ್ಣದ ಪಾಲು. ತನ್ನ ಕೆಲಸವೂ ಹೋಯಿತೆಂದುಕೊಂಡ ಕೆಂಚಮ್ಮ ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಬಾಗಿಲಲ್ಲಿ ಫಿರೋಜಾ ತಡೆದರು: "ಸಾಯುತ್ತೆ ಅಂತ ಮುಂಚೆನೇ ಹೇಗೆ ಗೊತ್ತಾಯ್ತು?"

"ತಲೆ ತೂಗೋದ್ ನಿಲ್ಲಿಸ್ತವೆ. ಮುಟ್ಟುದ್ರೆ ಮೈ ಒಸಿ ಸಡ್ಲ." ಮಂಕು ಹುಳದ ಹಾಗೆ ಕತ್ತು ಇಳಿಬಿಟ್ಟೂ ತೋರಿಸಿದರು. ಕೋಪದಲ್ಲಿದ್ದ ಫಿರೋಜಾ ನಕ್ಕುಬಿಟ್ಟರು.

ಮುಂದಿನ ಸಲ ಕೆಂಚಮ್ಮ ಬಿಸಾಡಲಿಲ್ಲ. ಮಂಕಾದವನ್ನು ಬೇರೆ ತಟ್ಟೆಗಳಿಗೆ ಎತ್ತಿಟ್ಟರಷ್ಟೆ. ಕೆಂಪಿನಲ್ಲಿ ಅರವತ್ತೊಂದು, ಹಸಿರಿನಲ್ಲಿ ಆರು. ಸಂಜೆಗೆ ಕೆಂಪಿನವುಗಳಲ್ಲಿ ಐವತ್ತೊಂಬತ್ತು, ಹಸಿರಿನವುಗಳಲ್ಲಿ ಐದು ಸತ್ತವು. ಅವರು ಎತ್ತಿಡದೆ ಬಿಟ್ಟವುಗಳಲ್ಲಿ ಒಂದೂ ಸಾಯಲಿಲ್ಲ. ಸಕ್ಕರೆಯ ಬ್ಯಾಕ್ಟೀರಿಯಾ ಹೋಗಿದ್ದು ಕೆಂಪು ತಟ್ಟೆಗೇ; ಸಕ್ಕರೆ ಇಲ್ಲದಿದ್ದರೆ ರೋಗ ತಗ್ಗುತ್ತದೆಂದಾಯಿತು. ಈಗ ಫಿರೋಜಾರ ಪುಸ್ತಕದಲ್ಲಿ 'ಕೆಂಚಮ್ಮನ ಎಣಿಕೆ' ಎಂಬ ಕಾಲಂ ಇದೆ.

ಖುಷಿಯಲ್ಲಿ ಅವರು "ಏನು ಬೇಕು ಕೇಳಿ" ಎಂದಾಗ ಕೆಂಚಮ್ಮ ಸೂಜಿ ಕಾಣದ ಮೂರನೇ ತಟ್ಟೆ ತೋರಿಸಿದರು. ಪ್ರಯೋಗ ಮುಗಿದರೆ ಇಲ್ಲಿ ಎಲ್ಲ ಹುಳವೂ ಸುಣ್ಣಕ್ಕೇ. "ಇವ್ನಾದ್ರೂ ಗೂಡು ಕಟ್ಟಕ್ಕೆ ಬುಡವ್ವ."

ಇಂದು ಆ ನೂರು ಹುಳಗಳ ಗೂಡುಗಳು ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಯ ತುಂಬ ಹಳದಿಯಾಗಿ ಕೂತಿವೆ. ಕೆಂಚಮ್ಮ ಒಂದನ್ನು ಬಿಡಿಸಿ, ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳಿ, ಸೆರಗಿಗೆ ಕಟ್ಟಿಕೊಳ್ಳುತ್ತಾರೆ.

"ಇದ ನಮ್ಮನೆಯೋರ್ ಕೈಗೇ ಕೊಟ್ಟು ಯೋಳ್ತೀನಿ, ನಾನು ಸಾಯ್ಸದ್ ಮಾತ್ರ ಅಲ್ಲ ಕಣಾ ಅಂತ."