ಕಂಬದ ಕಚೇರಿಯಲ್ಲಿ ಅಪ್ಪ ಹೇಳಿದ್ದು

ಕಾರವಾರದ ಆ ಹಳೆಯ ಸರಕಾರಿ ಕಟ್ಟಡಕ್ಕೆ ನಮ್ಮವರು ಹೇಳುತ್ತಿದ್ದುದು ಕಂಬದ ಕಚೇರಿ ಎಂದು. ಎದುರಿಗೆ ದುಂಡನೆಯ ದಪ್ಪ ಕಂಬಗಳು, ಮೈತುಂಬ ಉದ್ದುದ್ದ ಗೀರು, ನೆತ್ತಿಯ ಮೇಲೆ ತ್ರಿಕೋನದ ಗೋಡೆ. ಗ್ರೀಕರ ದೇವಾಲಯದ ಮಾದರಿ. ಗಾರೆ ಉದುರಿದಲ್ಲಿ ಮಾತ್ರ ನಮ್ಮ ಚಿರೆಕಲ್ಲು ಕಾಣುತ್ತಿತ್ತು. ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವಳು. ರಜೆಯಲ್ಲಿ ಗದ್ದೆಯ ನೆಟ್ಟಿ ಕೆಲಸಕ್ಕೆ ಹೋಗಿ ಓದಿದೆ, ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ನೌಕಾನೆಲೆಗೆ ನಮ್ಮೂರು ಅರ್ಗಾದ ಜಾಗ ಹೋದಾಗ, ಅಪ್ಪ ಆಳಾಗಿ ದುಡಿಯುತ್ತಿದ್ದ ಒಡೆಯರ ಹಿತ್ತಲಿನಲ್ಲಿದ್ದ ನಮ್ಮ ಮನೆಯೂ ಹೋಯಿತು. ಅಂಕೋಲೆಯಲ್ಲಿ ಬಾಡಿಗೆ ಕೋಣೆ ಹಿಡಿದೆವು. ಪುನರ್ವಸತಿಯ ಸೈಟು ಅಪ್ಪನಿಗೆ ಸಿಕ್ಕಿರಲಿಲ್ಲ. ನನ್ನ ಡಿಗ್ರಿ ಮುಗಿದ ವರ್ಷ ಕಂಬದ ಕಚೇರಿಯಲ್ಲಿ ಅದರ ವಿಚಾರಣೆ ಬಂತು.

ಮೆಟ್ಟಿಲ ಬುಡದಲ್ಲಿ ಅಪ್ಪ ಚಪ್ಪಲಿ ಬಿಟ್ಟ.

"ಅಪ್ಪಾ, ಇದು ದೇವಸ್ಥಾನ ಅಲ್ಲ. ಹಾಕ್ಕೊ."

"ದೇವಸ್ಥಾನ ಆದ್ರೆ ಕೈಮುಗುದ್ರೆ ಸಾಕಾಗ್ತಿತ್ತು ತಂಗೀ. ಇಲ್ಲಿ ಉತ್ರ ಹೇಳೂಕದೆ."

ಒಳಗೆ ಮಾಡು ಎಷ್ಟು ಎತ್ತರವೆಂದರೆ, ಅದರ ಕೆಳಗೆ ಎಂಥವರ ದನಿಯೂ ಸಣ್ಣದಾಗುತ್ತಿತ್ತು. ಅಧಿಕಾರಿ ಕೇಳಿದರು, "ಅಲ್ಲಿ ನಿಮಗೆ ಮನೆ ಇತ್ತೋ?"

"ಮನೆ ಒಡೆಯರದ್ದು. ನಮ್ಮದು ಬಿಡಾರ."

ನಮ್ಮಲ್ಲಿ ಮನೆಯೆಂದರೆ ಒಡೆಯರದ್ದು. ಆಳುಗಳು ತಲೆಮಾರುಗಟ್ಟಲೆ ಬಾಳಿದರೂ ಅದು ಬಿಡಾರವೇ. ಕಚೇರಿಯ ಕನ್ನಡದಲ್ಲಿ ಬಿಡಾರವೆಂದರೆ ಇವತ್ತು ಹೂಡಿ ನಾಳೆ ಕೀಳುವಂಥದ್ದು.

"ಸಾರ್, ಅದು ಮನೆಯೇ. ಅಪ್ಪ ಹುಟ್ಟಿದ್ದೂ ಅಲ್ಲೇ, ನಾನು ಹುಟ್ಟಿದ್ದೂ ಅಲ್ಲೇ," ಎಂದೆ.

"ನೀನು ಸುಮ್ಮನಿರಮ್ಮ. ಅವರು ಹೇಳಲಿ. ಮನೆಯೋ, ಬಿಡಾರವೋ?"

ಅಪ್ಪನ ಮೊಣಕೈ ಒತ್ತಿದೆ. ಬೆಂಚಿನ ತುದಿಯಲ್ಲಿ ಒಡೆಯರ ಮಗ ತಮ್ಮ ಸರದಿಗೆ ಕಾಯುತ್ತ ಕೂತಿದ್ದರು. ಅಪ್ಪ ಅವರತ್ತ ಒಮ್ಮೆ ನೋಡಿದ.

"ಬಿಡಾರವೇ ಸಾಯ್ಬಾ."

ಹೊರಗೆ ಬಂದ ಮೇಲೆ ಅಪ್ಪ ಕೇಳಿದ, "ಹಂಗಾರೆ ಎಂತ ಹೇಳೂಕಿತ್ತು?"

"ಮನೆ ಅಂತ."

"ಒಡೆಯರ ಎದುರಿಗಾ? ನಿಂಗೆ ತಲೆ ಸಮ ಅದ್ಯಾ?"

"ಅವರ ಮನೆಯೂ ಹೋಯ್ತಲ್ಲ ಅಪ್ಪಾ. ಇನ್ನೆಂತ ಒಡೆಯರು?"

ಅಪ್ಪ ಬಗ್ಗಿ ಚಪ್ಪಲಿ ಹುಡುಕಿದ.

ತಾತ್ಕಾಲಿಕ ವಸತಿ, ಅರ್ಹತೆಯಿಲ್ಲ ಎಂದು ಆದೇಶ ಬಂತು. ಮೇಲ್ಮನವಿಯನ್ನು ನಾನೇ ಬರೆದೆ, ಒಳ್ಳೆಯ ಕನ್ನಡದಲ್ಲಿ ಬರೆದೆ. ಅರ್ಜಿದಾರರೇ ಒಪ್ಪಿಕೊಂಡಿದ್ದಾರೆ ಎಂದು ಅದನ್ನೂ ತಳ್ಳಿಹಾಕಿದರು. ಅಪ್ಪನ ಬಾಯಿಂದ ಬಂದ ಒಂದು ಮಾತಿನ ಮುಂದೆ ನಾನು ಓದಿದ್ದು ಯಾವುದೂ ನಡೆಯಲಿಲ್ಲ. ಆಮೇಲೆ ಹೋಗಿ ಕೇಳಲು ಬೇರೆ ಬಾಗಿಲಿರಲಿಲ್ಲ. ಅಂಕೋಲೆಯ ಕೋಣೆಯಲ್ಲೇ ಉಳಿದೆವು.