ಎರಡನೇ ರಿಂಗಿಗೆ ಕಟ್

ಮೊನ್ನೆ ಮಗಳು ಟಿವಿ ರಿಮೋಟಿಗೆ ಸೆಲ್ ಹುಡುಕುತ್ತ ಅಡುಗೆಮನೆಯ ಡ್ರಾವರುಗಳನ್ನೆಲ್ಲ ಕಿತ್ತು ಹಾಕಿದಳು. ಕತ್ತರಿ, ರಬ್ಬರ್ ಬ್ಯಾಂಡು, ಯಾವುದೋ ಹೋಟೆಲಿನ ಸಕ್ಕರೆ ಪೊಟ್ಟಣಗಳ ನಡುವಿನಿಂದ ಒಂದು ಬಿಳಿ ಪಿಂಗಾಣಿ ತುಂಡನ್ನು ಎತ್ತಿ ಹಿಡಿದು ಇದೇನು ಅಂತ ಕೇಳಿದಳು. ಹಳೆಯ ಕಾಲದ ಫ್ಯೂಜ್. ಮೀಟರ್ ಬೋರ್ಡಿಗೆ ಸಿಕ್ಕಿಸುವಂಥದ್ದು. ಒಂದು ಮೂಲೆ ಚಕ್ಕೆ ಎದ್ದಿದೆ, ತಂತಿ ಕಪ್ಪಾಗಿದೆ. ಇಸಿದುಕೊಂಡು ಮೂಸಿ ನೋಡಿದೆ. ಎಲೆ, ಅಡಿಕೆ, ಕಾಚಿನ ವಾಸನೆ ಇನ್ನೂ ಇತ್ತು. ಫ್ಯೂಜಿಗೆ ಕಾಚಿನ ವಾಸನೆ ಯಾಕೆ ಬರುತ್ತದೆ ಅಂತ ಒಂಬತ್ತು ವರ್ಷದ ಹುಡುಗಿಗೆ ಎಲ್ಲಿಂದ ಶುರುಮಾಡಿ ಹೇಳಲಿ…

ಅದು ನಮ್ಮ ಬಾಜೂ ಮನೆಯ ಕಾಕುವಿನ ಚಂಚಿಯಲ್ಲಿತ್ತು.

ನನ್ನ ತವರು ಬನಹಟ್ಟಿ. ನಮ್ಮ ಓಣಿಯಲ್ಲಿ ಮನೆಗೊಂದು ಕರೆಂಟ್ ಮಗ್ಗದ ಶೆಡ್ಡು, ಬೆಳಗಿನಿಂದ ಸಂಜೆಯ ತನಕ ಖಟಖಟ ಸದ್ದು. ಕಾಕು ನಮಗೆ ರಕ್ತಸಂಬಂಧಿಯಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಅಷ್ಟೇ. ಆಯುಷ್ಯವೆಲ್ಲ ಮಗ್ಗದ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತಿದ್ದರಿಂದ ಆಕೆಯ ಕಿವಿ ಮುಕ್ಕಾಲು ಹೋಗಿತ್ತು. ಎದುರು ನಿಂತು ಬಾಯಿ ಅಗಲಿಸಿ ಮಾತಾಡಿದರೆ ತಿಳಿಯುತ್ತಿತ್ತು, ಫೋನಿನಲ್ಲಿ ಒಂದಕ್ಷರವೂ ಇಲ್ಲ. ಸೊಂಟಕ್ಕೆ ಸಿಕ್ಕಿಸಿದ ಎಲೆ-ಅಡಿಕೆಯ ಬಟ್ಟೆಚೀಲವೇ ಆಕೆಯ ಚಂಚಿ. ಬೀಗದ ಕೈ, ಚಿಲ್ಲರೆ, ಗುಳಿಗೆ, ಬಟನ್ ಫೋನು ಎಲ್ಲವೂ ಅದರೊಳಗೇ.

ನಾನು ಪೈಲಟ್. ಬೆಂಗಳೂರಿನ ಒಂದು ಕಂಪನಿಯಲ್ಲಿ ಸಣ್ಣ ವಿಮಾನಗಳ ಕೋ-ಪೈಲಟ್ ಆಗಿದ್ದಾಗ ಕೊಲ್ಲಿಯ ಕಡೆಯಿಂದ ಕೆಲಸ ಬಂತು. ದೊಡ್ಡ ವಿಮಾನ, ಮುಂದೆ ಕ್ಯಾಪ್ಟನ್ ಆಗುವ ದಾರಿ. ಆಗ ಮಗಳಿಗೆ ನಾಲ್ಕು ವರ್ಷ, ಮಗ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ. ನನ್ನ ಗಂಡ ಬೀಳಗಿಯವರು, ಕಾಲೇಜಿನಲ್ಲಿ ಲೆಕ್ಚರರ್. ಅವರು ನೌಕರಿ ಬಿಟ್ಟು ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದಾಗ ಓಣಿಗೆ ಓಣಿಯೇ ಬಾಯಿಯ ಮೇಲೆ ಬೆರಳಿಟ್ಟುಕೊಂಡಿತು. ಹೆಂಡತಿ ವಿಮಾನ ಹಾರಿಸುತ್ತಾಳಂತೆ, ಗಂಡ ಕೂಸು ಆಡಿಸುತ್ತಾನಂತೆ ಎಂಬ ಮಾತು ನಮ್ಮ ಅಂಗಳಕ್ಕೂ ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾಲ್ಕು ಜನರ ಮುಖಕ್ಕೆ ಹೊಡೆದಂತೆ ಹೇಳಿಯೂಬಿಟ್ಟೆ. ಕಾಕು ಮಾತ್ರ ಆ ಚರ್ಚೆಗೇ ಇಳಿಯಲಿಲ್ಲ. ಆಕೆಯ ಚಿಂತೆ ಬೇರೆಯೇ ಇತ್ತು.

ಹೊರಡುವ ದಿನ ಬೆಳಿಗ್ಗೆ ಉಡಿ ತುಂಬಲು ತಾಟು ಹಿಡಿದು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಖಣ ಎಲ್ಲ ಇದ್ದವು. ನಾನು ಜೀನ್ಸ್ ಹಾಕಿಕೊಂಡು ನಿಂತಿದ್ದೆ, ತುಂಬಿಸಿಕೊಳ್ಳಲು ಸೆರಗೇ ಇರಲಿಲ್ಲ. ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಗ್ಗದ ಮೇಲಿದ್ದ ಟಾವೆಲ್ ಎಳೆದು ನನ್ನ ಸೊಂಟಕ್ಕೆ ಬಿಗಿದು ಅದರಲ್ಲೇ ತುಂಬಿದಳು. ಆಮೇಲೆ ಗಲ್ಲ ಹಿಡಿದು ಕೇಳಿದಳು:

“ಹಾರೂದೇನ ಹಾರತಿ ಬಿಡು. ಇಳದದ್ದು ನನಗ ಹೆಂಗ ತಿಳೀಬೇಕು?”

ಅವ್ವನಿಗೆ ಫೋನ್ ಮಾಡುತ್ತೇನೆ, ಅವಳು ಹೇಳುತ್ತಾಳೆ ಎಂದೆ. ಅದು ಆಕೆಗೆ ಸಾಲದು. ತನಗೇ ಬೇರೆ ಬೇಕು. ಕೊನೆಗೆ ಆಕೆಯೇ ಉಪಾಯ ಕಂಡುಹಿಡಿದಳು. ಇಳಿದ ಕೂಡಲೇ ನಾನು ಮಿಸ್ ಕಾಲ್ ಕೊಡಬೇಕು. ಸೊಂಟದ ಚಂಚಿಯಲ್ಲಿ ಫೋನು ಗುರ್ ಎಂದು ನಡುಗಿದರೆ ಆಕೆ ತೆಗೆದು ಎರಡನೇ ರಿಂಗಿಗೆ ಕಟ್ ಮಾಡುತ್ತಾಳೆ. ಕಟ್ ಆಯಿತು ಅಂದರೆ ಸುದ್ದಿ ಮುಟ್ಟಿತು ಅಂತ ನಾನು ತಿಳಿಯಬೇಕು. ಎತ್ತುವ ಮಾತೇ ಇಲ್ಲ, ಎತ್ತಿದರೂ ಆಕೆಗೆ ಕೇಳುವುದಿಲ್ಲವಲ್ಲ.

ಹೊಸ ಊರಿನಲ್ಲಿ ಮೊದಲ ತಿಂಗಳುಗಳು ಸುಖದವಾಗಿರಲಿಲ್ಲ. ಹದಿನೇಳನೇ ಮಹಡಿಯ ಮನೆ, ತೆರೆಯಲಾಗದ ಕಿಟಕಿಗಳು. ವೀಸಾ ಬರುವವರೆಗೆ ತವರಿನಲ್ಲಿದ್ದು ರೂಢಿಯಾದ ಮಗ, ಮಗ್ಗದ ಸದ್ದಿಲ್ಲದೆ ಮಲಗಲೊಲ್ಲ. ನನ್ನ ಗಂಡ ಊರಿಂದ ಆ ಖಟಖಟವನ್ನು ರೆಕಾರ್ಡ್ ಮಾಡಿ ತರಿಸಿಕೊಂಡು ತೊಟ್ಟಿಲ ಹತ್ತಿರ ಹಚ್ಚಿಡುತ್ತಿದ್ದರು. ನಾನು ಎರಡೆರಡು ದಿನ ಮನೆ ಬಿಟ್ಟಿರುತ್ತಿದ್ದೆ. ಯಾವ ಊರಿನಲ್ಲಿ ಇಳಿದರೂ ಎಂಜಿನ್ ಆರಿಸಿ, ಕಾಗದದ ಕೆಲಸ ಮುಗಿಸಿ, ಬೆಲ್ಟ್ ಬಿಚ್ಚುವ ಮೊದಲು ಕಾಕುವಿಗೆ ಮಿಸ್ ಕಾಲ್. ಒಂದು ರಿಂಗ್, ಎರಡು ರಿಂಗ್, ಕಟ್. ಬೇರೆ ಪೈಲಟ್‌ಗಳಿಗೆಲ್ಲ ಇಳಿಸಿಕೊಳ್ಳಲು ಒಂದು ಕಂಟ್ರೋಲ್ ಟವರ್ ಇದ್ದರೆ ನಿನಗೆ ಎರಡು ಎಂದು ಗಂಡ ಗೇಲಿ ಮಾಡುತ್ತಿದ್ದರು. ಆ ಎರಡನೆಯದು ಒಮ್ಮೆಯೂ ತಡಮಾಡಿದ್ದಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ದಿನ ಇಳಿದು, ಎಂದಿನಂತೆ ಕಾಕುವಿಗೆ ಮಿಸ್ ಕಾಲ್ ಕೊಟ್ಟೆ. ಎರಡನೇ ರಿಂಗಿಗೆ ಕಟ್ ಆಯಿತು. ಆಮೇಲೆ ಮೆಸೇಜುಗಳು ಬೀಳತೊಡಗಿದವು. ನಿಲ್ಲಲೇ ಇಲ್ಲ. ಅಣ್ಣನವು, ಬೀಳಗಿಯವು, ಜಮಖಂಡಿಯಲ್ಲಿ ಜೊತೆಗೆ ಓದಿದವರವು. ಎಲ್ಲಿದ್ದಿ, ಎಲ್ಲಿದ್ದಿ, ಎಲ್ಲಿದ್ದಿ… ಓಣಿಯ ವಾಟ್ಸಾಪ್ ಗುಂಪು ತೆರೆದರೆ ನನ್ನದೇ ಫೋಟೋ. ನಾನು ಪೈಲಟ್ ಆದಾಗ ಊರಲ್ಲಿ ಸತ್ಕಾರ ಮಾಡಿದ್ದರಲ್ಲ, ಆಗ ಶಾಲು ಹೊದ್ದು ನಕ್ಕ ಫೋಟೋ. ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’, ಅದರ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಸೀಟಿನಿಂದ ಏಳದೆ ಅಣ್ಣನಿಗೆ ಫೋನ್ ಮಾಡಿದೆ.

ಆದದ್ದು ಇಷ್ಟು. ಬೇರೆ ಯಾವುದೋ ದೇಶದಲ್ಲಿ, ಬೇರೆ ಯಾವುದೋ ಕಂಪನಿಯ ವಿಮಾನ ಇಳಿಯುವಾಗ ಬೆಂಕಿ ಹತ್ತಿತ್ತು. ನಮ್ಮ ಓಣಿಯವರಿಗೆ ಸಮುದ್ರದಾಚೆಯದೆಲ್ಲ ದುಬೈ, ದುಬೈಯ ವಿಮಾನವೆಲ್ಲ ನನ್ನದೇ. ನಾನಿದ್ದ ಊರು ದುಬೈ ಅಲ್ಲವೇ ಅಲ್ಲ ಎಂಬುದು ಯಾರಿಗೂ ಲೆಕ್ಕಕ್ಕಿಲ್ಲ. ಅಣ್ಣ ತನ್ನ ನೂಲಿನ ಅಂಗಡಿಯಿಂದ ನನಗೆ ಫೋನ್ ಮಾಡಿದರೆ ನಾನು ಆಕಾಶದಲ್ಲಿದ್ದೆ. ನನ್ನ ಗಂಡ ಮಗನಿಗೆ ಲಸಿಕೆ ಹಾಕಿಸಲು ಹೋಗಿ ಫೋನನ್ನು ಸೈಲೆಂಟಿನಲ್ಲಿ ಇಟ್ಟಿದ್ದರು. ಮನೆಯಲ್ಲಿ ಅವ್ವ ಒಬ್ಬಳೇ. ಅವಳ ಹೃದಯಕ್ಕೆ ಸ್ಟೆಂಟ್ ಹಾಕಿಸಿ ಒಂದು ತಿಂಗಳೂ ಆಗಿರಲಿಲ್ಲ. ಗಾಬರಿಯ ಸುದ್ದಿ ಏನೂ ಕಿವಿಗೆ ಬೀಳದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಮಧ್ಯಾಹ್ನದ ಹೊತ್ತು ಅವಳು ಟಿವಿ ಮುಂದೆ ಕೂಡುತ್ತಾಳೆಂಬುದು ಎಲ್ಲರಿಗೂ ಗೊತ್ತು.

ಅಣ್ಣ ಆಮೇಲೆ ಹೇಳಿದ. ಸುದ್ದಿ ಕಾಕುವಿನ ಮನೆಗೆ ಮೊದಲು ಮುಟ್ಟಿತಂತೆ. ಸೊಸೆ ಟಿವಿ ತೋರಿಸಿ ಅಳತೊಡಗಿದ್ದೇ ತಡ, ಕಾಕು ಸೀದಾ ನಮ್ಮ ಕಟ್ಟೆ ಹತ್ತಿ, ಮೀಟರ್ ಬೋರ್ಡಿನಿಂದ ಫ್ಯೂಜ್ ಕಿತ್ತು ಚಂಚಿಗೆ ಹಾಕಿಕೊಂಡಳು. ಒಳಗೆ ಟಿವಿ ಆರಿತು. ಕಾಕು ಒಳಗೆ ಬಂದು, ಸುಡುಗಾಡು ಕರೆಂಟು ಹೋತು ನೋಡು ಎಂದು ಬೈಯುತ್ತ, ಜೋಳದ ಮೊರ ತೆಗೆದುಕೊಂಡು ಹೊಸ್ತಿಲಿಗೆ ಅಡ್ಡ ಕೂತು ಹಸನು ಮಾಡತೊಡಗಿದಳು. ಅವ್ವನೂ ಎದುರಿಗೆ ಕೂತು ಕಲ್ಲು ಆರಿಸಿದಳಂತೆ. ಅಂಗಳಕ್ಕೆ ಸೆರಗು ಬಾಯಿಗಿಟ್ಟುಕೊಂಡು ಬಂದವರಿಗೆಲ್ಲ ಕಾಕು ಎದ್ದು ಹೋಗಿ ಒಂದೇ ಮಾತು ಹೇಳಿ ಕಳಿಸಿದಳು:

“ಮಿಸ್ ಕಾಲ್ ಬರೂತನಕಾ ಯಾರೂ ಬಾಯಿ ಬಿಡಂಗಿಲ್ಲ.”

ಅಂಗಡಿಯಿಂದ ಓಡಿ ಬಂದ ಅಣ್ಣನನ್ನೂ ಒಳಗೆ ಬಿಡಲಿಲ್ಲ. ಅವನ ಮುಖ ನೋಡಿದರೆ ಸಾಕು, ಅವ್ವನಿಗೆ ಬೇರೆ ಟಿವಿ ಬೇಕಾಗಿರಲಿಲ್ಲ. ಬಿಸಿಲು ಇಳಿಯುವವರೆಗೂ ಹಾಗೇ ಕೂತಿದ್ದರು. ಮೊರದಲ್ಲಿದ್ದ ಜೋಳ ಹಸನಾಗಿ ಮುಗಿದು, ಹಸನಾದದ್ದನ್ನೇ ಮತ್ತೆ ಹಸನು ಮಾಡಿದರಂತೆ. ಆಮೇಲೆ ಚಂಚಿ ಗುರ್ ಎಂದಿತು. ಕಾಕು ಫೋನು ತೆಗೆದು, ಎರಡನೇ ರಿಂಗಿಗೆ ಕಟ್ ಮಾಡಿ, ಕಟ್ಟೆಗೆ ಬಂದು ಫ್ಯೂಜ್ ಸಿಕ್ಕಿಸಿ, ಮೀಟರಿನ ಕೆಳಗೇ ಕುಸಿದು ಕೂತಳು. ಅವ್ವನಿಗೆ ಏನೂ ತಿಳಿಯಲಿಲ್ಲ ಎಂದೇ ನಾವೆಲ್ಲ ನಂಬಿದೆವು.

ಮಾರನೆಯ ವರ್ಷ ನನಗೆ ಕ್ಯಾಪ್ಟನ್ ಆಗುವ ತರಬೇತಿ ಶುರುವಾಯಿತು. ಓದು, ಪರೀಕ್ಷೆ, ಮತ್ತೆ ಓದು. ಊರಿಗೆ ಬರಲು ಆಗಲಿಲ್ಲ, ವಿಡಿಯೋ ಕಾಲ್ ಮಾಡಿದಾಗ ಕಾಕು ಎಲ್ಲಿ ಎಂದರೆ, ಮಲಗಿದ್ದಾಳೆ ಎನ್ನುತ್ತಿದ್ದಳು ಅವ್ವ, ಇಲ್ಲವೇ ಮುಧೋಳದ ಮಗಳ ಮನೆಗೆ ಹೋಗಿದ್ದಾಳೆ ಎನ್ನುತ್ತಿದ್ದಳು. ನಾನು ಹೆಚ್ಚು ಕೆದಕಲಿಲ್ಲ. ಮಿಸ್ ಕಾಲ್ ಮುಟ್ಟುತ್ತಿತ್ತಲ್ಲ.

ಕ್ಯಾಪ್ಟನ್ ಆದ ಮೇಲೆ ರಜೆ ಸಿಕ್ಕಿತು. ಗಂಡ, ಮಕ್ಕಳ ಜೊತೆ ಪ್ರಯಾಣಿಕಳಾಗಿ ಬೆಳಗಾವಿಗೆ ಬಂದು ಇಳಿದೆ. ವಿಮಾನ ನಿಂತ ಕೂಡಲೇ ಮಿಸ್ ಕಾಲ್ ಕೊಟ್ಟೆ. ಎರಡನೇ ರಿಂಗಿಗೆ ಕಟ್. ಕಾರು ಓಣಿಯೊಳಗೆ ಬಂದಾಗ ನಮ್ಮ ಮನೆಗಿಂತ ಮೊದಲು ಕಾಕುವಿನ ಮನೆಗೆ ನುಗ್ಗಿದೆ. ಆಕೆಗೆಂದು ಕಿವಿಯ ಮಷಿನ್ ತಂದಿದ್ದೆ. ಇನ್ನು ಮೇಲೆ ಫೋನ್ ಎತ್ತಿ ಮಾತಾಡದೆ ಹೇಗೆ ತಪ್ಪಿಸಿಕೊಳ್ಳುತ್ತಿ ನೋಡುತ್ತೇನೆ ಎಂದು ದಾರಿಯುದ್ದಕ್ಕೂ ನಗುತ್ತ ಬಂದಿದ್ದೆ. ಸೊಸೆ ನನ್ನನ್ನು ನೋಡಿ ಗೋಡೆಗೆ ಸರಿದಳು. ನಡುಮನೆಯಲ್ಲಿ ಕಾಕುವಿನ ಫೋಟೋ ಇತ್ತು. ಮಾಲೆ ಹಾಕಿತ್ತು. ಮಾಲೆ ಹೊಸದಲ್ಲ, ಪ್ಲಾಸ್ಟಿಕ್ ಹೂವಿನ ಮೇಲೆ ಧೂಳು ಕೂತಿತ್ತು.

ನನಗೆ ಮೊದಲು ಅಳು ಬರಲಿಲ್ಲ. ಇಳಿದಾಗ ನನ್ನ ಕಾಲ್ ಕಟ್ ಮಾಡಿದವರು ಯಾರು? ಇಷ್ಟು ದಿನ ಎರಡನೇ ರಿಂಗಿಗೆ ಸರಿಯಾಗಿ ಕಟ್ ಮಾಡುತ್ತಿದ್ದದ್ದು ಯಾರು? ತಿರುಗಿ ನೋಡಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಸೊಂಟದಲ್ಲಿ ಕಾಕುವಿನ ಚಂಚಿ.

ಕಾಕು ಚಳಿಗಾಲದಲ್ಲೇ ಹೋಗಿದ್ದಳಂತೆ. ನಾಲ್ಕು ದಿನ ಜ್ವರ, ಅಷ್ಟೇ. ಹೋಗುವ ಮುಂದೆ ಚಂಚಿಯನ್ನು ಅವ್ವನ ಕೈಗಿಟ್ಟು ಕಲಿಸಿ ಹೋಗಿದ್ದಳು, ಎರಡನೇ ರಿಂಗಿಗೆ ಕಟ್ ಮಾಡು, ಎತ್ತಬೇಡ ಅಂತ. ಓಣಿಗೆಲ್ಲ ತಾಕೀತು ಮಾಡಿದ್ದಳು. ಅವ್ವ ಆಕೆಯ ಮಾತನ್ನು ಆಕೆಯ ಧಾಟಿಯಲ್ಲೇ ಹೇಳಿದಳು:

“ಇಮಾನ ನಡಸಾಕಿ ತಲಿಯಾಗ ನನ್ನ ಸುದ್ದಿ ತುಂಬಬ್ಯಾಡ್ರಿ.”

ನಾನು ಕೂಗಾಡಿದೆ. ಸತ್ತವರ ಹೆಸರಿನಲ್ಲಿ ಇಂಥ ಆಟ ಆಡುವುದಕ್ಕೆ ಮನಸ್ಸಾದರೂ ಹೇಗೆ ಬಂತು ಎಂದೆ. ಅವ್ವ ಚಂಚಿಗೆ ಕೈಹಾಕಿ ಈ ಫ್ಯೂಜ್ ತೆಗೆದಳು. ಅಣ್ಣ ಹೊಸ ಬೋರ್ಡ್ ಹಾಕಿಸಿದಾಗ ಎಸೆದದ್ದನ್ನು ಕಾಕು ಆರಿಸಿ ಇಟ್ಟುಕೊಂಡಿದ್ದಳು. ಅವ್ವ ಅದನ್ನು ನನ್ನ ಕೈಗೆ ಕೊಟ್ಟು ಹೇಳಿದಳು:

“ಕರೆಂಟ್ ಹೋಗಿದ್ದಿಲ್ಲ ಅಂತ ನನಗ ಅವತ್ತ ಗೊತ್ತಾಗಿತ್ತು. ಹೊರಗ ಮಗ್ಗ ನಡದಿದ್ದುವಲ್ಲ. ಆಕಿಗೆ ಕೇಳಸ್ತಿದ್ದಿಲ್ಲ.”

ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಮೊದಲು ಓಣಿಯ ಸದ್ದು ನಿಲ್ಲುತ್ತದೆ. ಇದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅಣ್ಣನಿಗೆ ಹೊಳೆದಿರಲಿಲ್ಲ, ನನಗೆ ಹೊಳೆದಿರಲಿಲ್ಲ. ಟಿವಿಯಲ್ಲಿ ವಿಮಾನದ ಹೊಗೆ ಕಾಣಿಸಿದ್ದೇ ತಡ ಅದು ಆರಿತು, ಹೊರಗೆ ಮಗ್ಗಗಳೆಲ್ಲ ಓಡುತ್ತಿವೆ, ಎದುರಿಗೆ ಕಾಕು ಜೋಳ ಹಸನು ಮಾಡುತ್ತಿದ್ದಾಳೆ. ಅವ್ವನಿಗೆ ಎಲ್ಲ ತಿಳಿದಿತ್ತು. ತಿಳಿದೂ ಕಲ್ಲು ಆರಿಸುತ್ತ ಕೂತಿದ್ದಳು. ಮತ್ತೆ ಸುಮ್ಮನೆ ಯಾಕೆ ಕೂತಿ ಎಂದು ಕೇಳಿದೆ.

“ಆಕಿ ನನ್ನ ಸಲವಾಗಿ ಕುಂತಾಳ. ನಾ ಅತ್ತರ ಆಕಿ ಕೈಕಾಲು ಬಿಟ್ಟಬಿಡ್ತಾಳ ಅಂತ ಸುಮ್ಮನ ಕುಂತೆ,” ಎಂದಳು ಅವ್ವ. ಆಗ ನನಗೆ ಅಳು ಬಂತು.

ಕಿವಿಯ ಮಷಿನ್ ಡಬ್ಬಿ ಬಿಚ್ಚದೆ ಹಾಗೇ ವಾಪಸು ಬಂತು. ಇನ್ನು ಮೇಲೆ ಕಟ್ ಮಾಡುವ ಹಾಗಿಲ್ಲ, ಎತ್ತಿ ಮಾತಾಡಬೇಕು ಎಂದು ಅವ್ವನಿಂದ ಆಣೆ ಮಾಡಿಸಿಕೊಂಡು ಬಂದೆ. ಸಿಟ್ಟು ಇನ್ನೂ ಪೂರಾ ಹೋಗಿಲ್ಲ. ಯಾರ ಮೇಲೆ ಸಿಟ್ಟು ಅಂತ ಕೇಳಿದರೆ ಹೇಳಲು ಬರುವುದಿಲ್ಲ…

ಮಗಳಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ಇದು ನಮ್ಮ ಕಾಕುವಿನದು ಎಂದಷ್ಟೇ ಹೇಳಿ ಫ್ಯೂಜನ್ನು ಡ್ರಾವರಿಗೆ ಹಾಕಿದೆ. ನಿನ್ನೆ ಇಳಿದಾಗಲೂ ಅದೇ ನಂಬರಿಗೆ ಮಾಡಿದೆ. ಎರಡು ರಿಂಗ್ ಆಯಿತು, ಮೂರೂ ಆಯಿತು. ಅವ್ವ ಎತ್ತಿ “ಇಳದ್ಯಾ?” ಎಂದು ಕೇಳಿದಳು, ಹಿಂದೆ ಮಗ್ಗಗಳು ಓಡುತ್ತಿದ್ದವು. ಇಳಿದೆ ಅವ್ವಾ ಎಂದೆ. ಪ್ರಯಾಣಿಕರು ಇಳಿದು ಹೋದರು, ಕಸ ಗುಡಿಸುವವರು ಬಂದರು. ನಾನು ಬೆಲ್ಟ್ ಬಿಚ್ಚದೆ, ಇನ್ನೆಂದೂ ಆಗದ ಕಾಕುವಿನ ಕಟ್‌ಗಾಗಿ ಕಾಯುತ್ತ, ಫೋನು ಹಿಡಿದು ಕೂತೇ ಇದ್ದೆ.