ಬ್ಯಾಡಗಿಯಿಂದ ಮೇಡ್ಲೇರಿಗೆ ಮೂರು ಲ್ಯಾಪ್‌ಟಾಪ್

ಬೆಳಿಗ್ಗೆ ಏಳಕ್ಕೆ ಹಾವೇರಿಯಲ್ಲಿ ಬ್ಯಾಡಗಿ ಬಸ್ಸು ಹತ್ತಿದಾಗ ನನ್ನ ಬಳಿ ಇದ್ದದ್ದು ಒಂದು ಪೆನ್ ಡ್ರೈವ್, ಒಂದು ಡಬ್ಬಿ ಅವಲಕ್ಕಿ. ಹೆಂಗಸರಿಗೆ ಬಸ್ಸು ಪುಕ್ಕಟೆ, ಪೆನ್ ಡ್ರೈವಿನೊಳಗಿನ ಮುಕ್ತ ತಂತ್ರಾಂಶವೂ ಪುಕ್ಕಟೆ. ನಿವೃತ್ತ ಗಣಿತ ಟೀಚರಿಗೆ ಇದಕ್ಕಿಂತ ಚೆಂದದ ಲೆಕ್ಕ ಎಲ್ಲಿ ಸಿಕ್ಕೀತು!

ನನ್ನ ಹಳೆಯ ವಿದ್ಯಾರ್ಥಿನಿ ನಸೀಮಾ ಈಗ ಮೇಡ್ಲೇರಿಯಲ್ಲಿ ಟೀಚರು. ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಶಾಲೆಯ ಒಂದು ಕೋಣೆ ಕೇಳಿ ಅವಳಿಗೆ ವರ್ಷವಾಗಿತ್ತು. ಅದೇ ದಿನ ಮಧ್ಯಾಹ್ನ ಮೂರಕ್ಕೆ ಕರೆದ ಸಭೆಯಲ್ಲಿ ನಾನು ತರುವ ಯಂತ್ರ ನಡೆದರೆ ಕೋಣೆ ಅವಳದು, ಇಲ್ಲದಿದ್ದರೆ ಮುರಿದ ಬೆಂಚುಗಳು ಅಲ್ಲೇ ಇರಲಿ ಎಂದು ಶಾಲಾ ಸಮಿತಿಯ ಅಧ್ಯಕ್ಷ ನಿಂಗಪ್ಪನವರು ಹೇಳಿಬಿಟ್ಟಿದ್ದರು.

ಬ್ಯಾಡಗಿಯಲ್ಲಿ ಇಳಿದ ಕೂಡಲೇ ಸೀನು ಶುರುವಾಯಿತು. ಮೆಣಸಿನಕಾಯಿ ಸುಗ್ಗಿಯಲ್ಲಿ ಅಲ್ಲಿ ಸೀನದವರು ಯಾರು? ವ್ಯಾಪಾರಿ ರಾಚಪ್ಪನವರ ಅಂಗಡಿಯಲ್ಲಿ ಮೂರು ಹಳೇ ಲ್ಯಾಪ್‌ಟಾಪ್ ಹೊಸ ತಂತ್ರಾಂಶದ ಭಾರ ತಾಳದೆ ಮೂಲೆ ಸೇರಿದ್ದವು; ಶಾಲೆಗಾದರೆ ಒಯ್ಯಿರಿ ಎಂದಿದ್ದರು. ನನ್ನ ಹಗುರ ತಂತ್ರಾಂಶ ಹಾಕಿದೆ ನೋಡಿ, ಹನ್ನೆರಡರೊಳಗೆ ಮೂರೂ ಕನ್ನಡದಲ್ಲಿ ಎದ್ದು ಕೂತವು. ಕುಣಿಯಬೇಕು ಅನ್ನಿಸಿತು! ಯಂತ್ರದ ಹತ್ತಿರ ಬಾಗಿದಾಗಲೆಲ್ಲ ಸೀನು ಜೋರಾಗುತ್ತಿತ್ತು. ಊರಿನದೇ ಘಾಟು ಎಂದುಕೊಂಡೆ. ಪೆಟ್ಟಾಗದಿರಲೆಂದು ರಾಚಪ್ಪನವರು ಅವನ್ನು ಮೆಣಸಿನಕಾಯಿಯ ಖಾಲಿ ಚೀಲಗಳಲ್ಲೇ ಸುತ್ತಿಕೊಟ್ಟರು. ಮಹಾ ಜಾಣೆ ನಾನು, ಖುಷಿಯಿಂದ ಹೊತ್ತುಕೊಂಡು ಹೊರಟೆ.

ರಾಣೆಬೆನ್ನೂರಿನಲ್ಲಿ ಬಿಸಿ ಮಿರ್ಚಿ ತಿಂದು, ಚಹಾ ಕುಡಿದು ಮೇಡ್ಲೇರಿ ಬಸ್ಸು ಹಿಡಿದೆ. ಬಿಸಿಲು ಚುರುಗುಟ್ಟುತ್ತಿದ್ದರೂ ಎರಡೂ ಕಡೆ ನೀರಾವರಿ ಹೊಲಗಳು ಹಸಿರಾಗಿದ್ದವು. ಪಕ್ಕದಲ್ಲಿ ಕೂತವಳು ನನ್ನ ಚೀಲ ನೋಡಿ ಮೂಗಿಗೆ ಸೆರಗು ಹಿಡಿದಳು.

ಸಭೆಗೆ ಜನ ತುಂಬಿದ್ದರು. ಮೊದಲ ಯಂತ್ರ ಹಚ್ಚಿದೆ. ಒಳಗಿನ ಫ್ಯಾನು ತಿರುಗಿದ್ದೇ ತಡ, ಮುಂದಿನ ಸಾಲೆಲ್ಲ ಸೀನಿತು. ಐದು ನಿಮಿಷದಲ್ಲಿ ಯಂತ್ರ ಕಾದು ಆರಿಹೋಯಿತು. ಎರಡನೆಯದೂ ಅಷ್ಟೇ. ನಸೀಮಾಳ ಮುಖ ನೋಡುವ ಧೈರ್ಯವಾಗಲಿಲ್ಲ. ಒದ್ದೆ ಕರವಸ್ತ್ರದಿಂದ ಒರೆಸಲು ಹೋದೆ.

ನಿಂಗಪ್ಪನವರು ಎದ್ದು ಬಂದು ನನ್ನ ಕೈ ತಡೆದರು. ಯಂತ್ರ ಎತ್ತಿ ಮೂಸಿದರು.

"ಒದ್ದಿ ಅರಿವಿ ಹಚ್ಚಬ್ಯಾಡ್ರಿ ಅಕ್ಕಾರ, ಖಾರ ಅಂಟಿಕೊಂತೈತಿ. ಇದು ಕೆಟ್ಟಿಲ್ಲ, ಮೂಗು ಕಟ್ಟೇತಿ ಅಷ್ಟ."

ಅವರೂ ಮೆಣಸಿನಕಾಯಿ ಬೆಳೆಯುವವರು. ಸೈಕಲ್ ಪಂಪು ತರಿಸಿದರು. ನಾನು ತಿರುಪು ಬಿಚ್ಚಿ ಫ್ಯಾನು ಹಿಡಿದೆ, ಅವರು ಒಂದೊಂದಾಗಿ ಮೂರಕ್ಕೂ ಗಾಳಿ ಹೊಡೆದರು. ವರ್ಷಗಟ್ಟಲೆ ಕೂತಿದ್ದ ಕೆಂಪು ಧೂಳು, ಅದರ ಮೇಲೆ ಚೀಲಗಳಿಂದ ಹೊಸದಾಗಿ ಸೇರಿದ್ದ ಖಾರದ ಪುಡಿ, ಎರಡೂ ಭುಸ್ಸೆಂದು ಎದ್ದವು. ಇಡೀ ಸಭೆ ಸೀನುತ್ತ, ನಗುತ್ತ ಅಂಗಳಕ್ಕೆ ಓಡಿತು.

ಮೂರನ್ನೂ ಮತ್ತೆ ಹಚ್ಚಿದೆ. ಹತ್ತು ನಿಮಿಷ, ಇಪ್ಪತ್ತು, ಅರ್ಧ ತಾಸು. ಒಂದೂ ಆರಲಿಲ್ಲ! ನಸೀಮಾ ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ನಿಂಗಪ್ಪನವರು ಮಾತ್ರ ಕಣ್ಣೊರೆಸಿಕೊಂಡು ಯಂತ್ರದ ಮುಂದೆ ಕೂತು, ಕನ್ನಡ ಅಕ್ಷರ ಎಲ್ಲಿವೆ ಎಂದು ಕೇಳಿದರು.

"ಸಭಾದ ಠರಾವು ಇದರಾಗ ಬರೀತೇನಿ, ತೋರಸವಾ ನಸೀಮಾ."

ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: 'ಕೋಣೆ ನಸೀಮಾ ಟೀಚರಿಗೆ.'

ಸಂಜೆ ಬಸ್ಸಿಗೆ ಹೊರಟಾಗ ಹಿಂತಿರುಗಿ ನೋಡಿದೆ. ಮುರಿದ ಬೆಂಚುಗಳು ಅಂಗಳಕ್ಕೆ ಬಂದಿದ್ದವು. ಕೋಣೆಯೊಳಗಿಂದ ಮಕ್ಕಳ ಸೀನಿನ ಮೇಲೆ ಸೀನು ಕೇಳುತ್ತಿತ್ತು. ಹೊರಗೆ ಮಾತ್ರ ಯಾರೂ ಬರುತ್ತಿರಲಿಲ್ಲ.